ಮೊದಲ ಸಲಕ್ಕೇ ಹೂಂ

ಕಳೆದ ತಿಂಗಳು ಮೂಗೂರಿನ ಒಂದು ಮನೆಯಲ್ಲಿ ನಾನೊಂದು ಅಪರಾಧ ಮಾಡಿದೆ. ಕಾಫಿ ಕುಡಿಯುತ್ತೀಯಾ ಎಂದು ಕೇಳಿದರು. ಕುಡಿಯುತ್ತೇನೆ ಎಂದೆ.

ಅಷ್ಟೇ.

ಕೇಳಿದವರು ಗೌರಮ್ಮ. ತಿ. ನರಸೀಪುರದ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವ ಸುಮಾ ಅವರ ಅತ್ತೆ. ಸುಮಾ ಕಾಲು ಮುರಿದುಕೊಂಡು ರಜೆಯಲ್ಲಿದ್ದರು. ನೋಡಿಕೊಂಡು ಬರೋಣವೆಂದು ಅಮ್ಮನನ್ನೂ ಕರೆದುಕೊಂಡು ನಂಜನಗೂಡಿನಿಂದ ಹೋಗಿದ್ದೆ. ನನ್ನ ಉತ್ತರ ಕೇಳಿ ಗೌರಮ್ಮ ನನ್ನನ್ನೇ ನೋಡಿದರು. ಸುಮಾ ಸೂರು ನೋಡಿದರು. ಅಮ್ಮ ಸೆರಗಿನ ಮರೆಯಲ್ಲಿ ನನ್ನ ತೊಡೆ ಚಿವುಟಿದಳು. (ಮೂವತ್ತು ಸಮೀಪಿಸಿದ ಲೆಕ್ಚರರ್ ತೊಡೆ!)

ಮನೆಯಲ್ಲಿ ಹಾಲಿರಲಿಲ್ಲ. ಗೌರಮ್ಮ ಎದ್ದು ಹಿತ್ತಿಲಿಗೆ ಹೋದರು. ಪಕ್ಕದ ಮನೆಯವರೊಂದಿಗೆ ಗೋಡೆಯ ಮೇಲಿಂದ ಅವರು ಆಡಿದ ಮಾತು ನಮಗೂ ಕೇಳಿಸಿತು.

"ಪುಟ್ಟಮ್ಮಿ, ಒಂದ್ ಚೆಂಬು ಆಲು ಕೊಡಮ್ಮಿ ಬಿರ್‍ನೆ. ಈ ಉಡ್ಗಿ ಒಂದೇ ಕಿತಕ್ಕೆ ಊ ಅಂದ್ಬುಡ್ತು!"

ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಆದರೂ ಹೇಳುತ್ತೇನೆ. ಮೊದಲ ಸಲ ಕೇಳಿದಾಗ, "ಬೇಡ, ಈಗಷ್ಟೇ ಕುಡ್ಕೊಂಡು ಬಂದೋ" ಎನ್ನಬೇಕು. (ಎಲ್ಲಿ ಕುಡಿದಿರಿ, ಬಸ್ಸಿನಲ್ಲೇ?) ಎರಡನೆಯ ಸಲ, "ಅಯ್ಯೋ, ನಿಮಗ್ಯಾಕೆ ತೊಂದ್ರೆ." ಮೂರನೆಯ ಸಲ, "ಸರಿ, ಅರ್ಧ ಲೋಟ ಸಾಕು." ಆ ಅರ್ಧ ಲೋಟ ಯಾವತ್ತೂ ತುಂಬಿಯೇ ಬರುತ್ತದೆ. ಈ ಎರಡು 'ಬೇಡ'ಗಳ ನಡುವೆ ಮನೆಯವರು ಹಾಲು, ಸಕ್ಕರೆ, ಪುಡಿ ಎಲ್ಲ ಹೊಂದಿಸಿಕೊಳ್ಳುತ್ತಾರೆ. ನಾನು ಆ ಸಮಯವನ್ನೇ ಕಿತ್ತುಕೊಂಡಿದ್ದೆ.

ಕಾಫಿ ಬಂತು. ನಾಲ್ಕು ಲೋಟ. ನಾಲ್ಕೂ ಒಂದೇ ಥರದವು. ನಾನು ಗಮನಿಸದಿದ್ದರೂ ಅಮ್ಮ ಗಮನಿಸಿದಳು. ಅವಳು ಯಾವಾಗಲೂ ಗಮನಿಸುತ್ತಾಳೆ.

ವಾಪಸ್ ಬರುವಾಗ ಬಸ್ಸಿನಲ್ಲಿ ವಿಚಾರಣೆ ಶುರುವಾಯಿತು.

"ಅದ್ಯಾಕ್ ಮೊಗ ಅಂಗ್ ಅಂದ್ಬುಟ್ಟೆ? ಏನ್ ಅನ್ಕಂಡಾರು ಅವ್ರು?"

"ಕಾಫಿ ಬೇಕಿತ್ತು ಅಮ್ಮ. ಬೇಕು ಅಂದೆ."

"ಬೇಕಾದ್ರೆ ಬೇಡ ಅನ್ಬೇಕು ಕಣ. ಅಷ್ಟು ದೂರ ಫಾರಿನ್‌ಗೋಗಿ ಏನ್ ಕಲ್ತ್ಕಬಂದೆ ನೀನು?"

"ಇದನ್ನೇ."

ಅಮ್ಮ ನಕ್ಕಳು. ಆದರೆ ನಾನು ತಮಾಷೆ ಮಾಡಿರಲಿಲ್ಲ.

ಆರೇಳು ವರ್ಷದ ಹಿಂದೆ, ವಿದ್ಯಾರ್ಥಿವೇತನ ಸಿಕ್ಕಿ ನಾನು ಉತ್ತರ ಇಂಗ್ಲೆಂಡಿನ ಒಂದು ಊರಿಗೆ ಎಂ.ಎಸ್ಸಿ. ಓದಲು ಹೋದೆ. ವಿಷಯ ನದಿ ನೀರಿನ ಪರೀಕ್ಷೆ. ಕಪಿಲೆಯ ದಡದಲ್ಲಿ ಬೆಳೆದವಳಿಗೆ ಹೊಸದೇನಲ್ಲ ಅಂದುಕೊಂಡಿದ್ದೆ. ನಾಲ್ವರು ಹುಡುಗಿಯರಿಗೆ ಒಂದು ಮನೆ, ನಾಲ್ಕು ಕೋಣೆ, ಒಂದೇ ಅಡುಗೆಮನೆ. ಪಕ್ಕದ ಕೋಣೆಯ ಹೆಲೆನ್ ನನ್ನ ಕ್ಲಾಸಿನವಳೇ. ಉದ್ದ ಕಾಲು, ಕೆಂಪು ಮೂಗು, ಯಾವಾಗಲೂ ಅವಸರ.

ಹೋದ ಮೂರನೆಯ ದಿನ ಅವಳು ಬಾಗಿಲು ತಟ್ಟಿದಳು. "ಸೂಪ್ ಮಾಡಿದ್ದೀವಿ. ಕುಡೀತೀಯಾ?"

ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. "ನೋ ನೋ, ಥ್ಯಾಂಕ್ಸ್" ಎಂದೆ.

ಎಂದವಳೇ ಒಳಗೆ ಹೋಗಿ ನನ್ನ ಬಟ್ಟಲು ತೊಳೆದುಕೊಂಡು ಬಾಗಿಲ ಹಿಂದೆ ನಿಂತೆ. ಎರಡನೆಯ ಸಲ ಕೇಳಲು ಬರುತ್ತಾಳಲ್ಲ, ತಡವಾಗಬಾರದು. ಹೆಜ್ಜೆ ಸದ್ದು ಅಡುಗೆಮನೆಯ ಕಡೆ ಹೋಯಿತು. ಚಮಚಗಳ ಸದ್ದು ಕೇಳಿತು. ನಗು ಕೇಳಿತು. ಯಾರೂ ಬರಲಿಲ್ಲ. ಆ ದಿನ ನಾನು ಬಟ್ಟಲಿಗೆ ಬಿಸ್ಕೆಟ್ ಹಾಕಿಕೊಂಡು ತಿಂದೆ.

ಹೀಗೇ ನಡೆಯಿತು. ಸಿನಿಮಾಗೆ ಬರ್ತೀಯಾ? ಬೇಡ, ನೀವು ಹೋಗಿ. ಮಾರ್ಕೆಟ್ಟಿಗೆ? ಪರವಾಗಿಲ್ಲ. ಭಾನುವಾರ ಎಲ್ಲರೂ ಒಟ್ಟಿಗೆ ಊಟ ಮಾಡ್ತೀವಿ, ಸರದಿ ಮೇಲೆ ಅಡುಗೆ, ಸೇರ್ಕೋತೀಯಾ? ಅಯ್ಯೋ, ನಿಮಗ್ಯಾಕೆ ತೊಂದರೆ. ಪ್ರತಿ ಸಲವೂ ಒಂದೇ ಸಲ ಕೇಳಿದರು. ಪ್ರತಿ ಸಲವೂ ನಾನು ಇನ್ನೆರಡಕ್ಕೆ ಕಾದೆ.

ನವೆಂಬರ್ ಹೊತ್ತಿಗೆ ಕೇಳುವುದೇ ನಿಂತಿತು. ಅಡುಗೆಮನೆಯ ಬೋರ್ಡಿನಲ್ಲಿ ಭಾನುವಾರದ ಸರದಿ ಪಟ್ಟಿ ಇರುತ್ತಿತ್ತು. ಮೊದಲು ನಾಲ್ಕು ಹೆಸರು ಬರೆದಿದ್ದರು. ಒಂದು ಬೆಳಿಗ್ಗೆ ನೋಡಿದರೆ ಮೂರೇ. ನಾಲ್ಕನೆಯದನ್ನು ಬಟ್ಟೆಯಿಂದ ಒರೆಸಿದ ಗುರುತು ಮಾತ್ರ ಉಳಿದಿತ್ತು.

ನಾನು ಏನು ಅರ್ಥಮಾಡಿಕೊಂಡೆ ಎಂದು ಹೇಳಬೇಕಾದರೆ ನಂಜನಗೂಡಿಗೆ ಬರಬೇಕು.

ನಮ್ಮದು ಊರ ಅಂಚಿನ ಬೀದಿ. ನಮ್ಮ ಬೀದಿಯವರಿಗೆಂದೇ ಕೆಲವು ಮನೆಗಳಲ್ಲಿ ಬೇರೆ ಲೋಟ ಇರುತ್ತಿತ್ತು, ಹಿತ್ತಿಲಿನ ಗೂಡಿನಲ್ಲಿ. ಹಾಗಾಗಿ 'ಬೇಡ' ಎನ್ನುವುದನ್ನು ಅಮ್ಮ ನನಗೆ ಕಲಿಸಿದ್ದು ಬರಿಯ ಸಂಕೋಚಕ್ಕಲ್ಲ. "ಒಂದ್ ಕಿತ ಕೇಳೋದು ಬಾಯ್ಮಾತ್ಗೆ ಮೊಗ. ಎರಡ್ನೇ ಕಿತ ಕೇಳುದ್ರೆ ಮನಸ್ನಿಂದ. ಮೂರ್ನೇ ಕಿತ ಕೇಳುದ್ರೆ ಅವ್ರ್ ಕುಡ್ಯೋ ಲೋಟ್ದಲ್ಲೇ ಕೊಡ್ತಾರೆ. ಅಲ್ಲೀಗಂಟ ಊ ಅನ್ಬೇಡ."

ಏಳನೇ ಕ್ಲಾಸಿನಲ್ಲಿ ಗೆಳತಿಯೊಬ್ಬಳ ಮನೆಗೆ ನೋಟ್ಸ್ ತರಲು ಹೋಗಿದ್ದೆ. ಅವಳ ತಾಯಿ ಬಾಗಿಲಲ್ಲೇ ನಿಂತು, "ಏನಾದ್ರೂ ತಗೋತೀಯೇನಮ್ಮ?" ಎಂದರು. ಬೇಡ ಎಂದೆ. ಅವರ ಮುಖದಲ್ಲಿ ಸಮಾಧಾನ ಮೂಡಿತು. ಎರಡನೆಯ ಸಲ ಕೇಳಲಿಲ್ಲ. ನಾನೂ ಆ ಮನೆಗೆ ಎರಡನೆಯ ಸಲ ಹೋಗಲಿಲ್ಲ.

ಈಗ ಗೊತ್ತಾಯಿತಲ್ಲ? ಆ ಬೋರ್ಡಿನ ಮುಂದೆ ನಿಂತಾಗ ನನಗೆ ಯಾವ ಅನುಮಾನವೂ ಉಳಿದಿರಲಿಲ್ಲ. ಸಮುದ್ರ ದಾಟಿ ಬಂದಿದ್ದೆ, ಬೀದಿ ದಾಟಿರಲಿಲ್ಲ.

ಪ್ರತಿ ಭಾನುವಾರ ಅಮ್ಮ ನಮ್ಮ ಬೀದಿಯ ತುದಿಯ ಅಂಗಡಿಯಲ್ಲಿ ನನ್ನ ಫೋನಿಗೆ ಕಾಯುತ್ತಿದ್ದಳು. "ಜೊತ್ಗ್ಯಾರಾರ ಅವ್ರಾ ಮೊಗ?" ಎಂದು ಕೇಳುತ್ತಿದ್ದಳು. "ಇದ್ದಾರೆ ಅಮ್ಮ, ಮೂರು ಜನ" ಎನ್ನುತ್ತಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು. ಬೋರ್ಡು ನೋಡಿದ ವಾರವೇ ನಾನು ಆಫೀಸಿಗೆ ಹೋಗಿ ಕೋರ್ಸ್ ಬಿಡುವವರು ತುಂಬುವ ಫಾರಂ ತಂದೆ. ಒಂದೇ ಹಾಳೆ. ಹೆಸರು, ವಿಳಾಸ ತುಂಬಿದೆ. ಕಾರಣ ಎಂಬ ಜಾಗದಲ್ಲಿ ಏನು ಬರೆಯುವುದೆಂದು ತೋಚದೆ ಬ್ಯಾಗಿನಲ್ಲಿಟ್ಟೆ. ಸೋಮವಾರ ಕೊಟ್ಟುಬಿಡುವುದೆಂದು ತೀರ್ಮಾನಿಸಿದ್ದೆ.

ಶುಕ್ರವಾರ ನೀರಿನ ಮಾದರಿ ತರಲು ಹೊಳೆಗೆ ಹೋಗುವುದಿತ್ತು. ಇಬ್ಬಿಬ್ಬರ ಜೋಡಿ ಮಾಡಿದವರು ಮೇಷ್ಟರು. ನನಗೆ ಹೆಲೆನ್ ಸಿಕ್ಕಳು. (ಅವಳಿಗೆ ನಾನು ಸಿಕ್ಕೆ ಅನ್ನುವುದು ಹೆಚ್ಚು ಸರಿ.) ಬೂಟು ಹಾಕಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತು ಬಾಟಲಿ ತುಂಬಿಸಿದೆವು. ಎರಡು ಗಂಟೆಯಲ್ಲಿ ಇಪ್ಪತ್ತು ಮಾತು ಆಡಿದ್ದರೆ ಹೆಚ್ಚು, ಎಲ್ಲವೂ ಬಾಟಲಿಯ ನಂಬರು. ನನ್ನ ಬೆರಳು ಪೆನ್ನು ಹಿಡಿಯದಷ್ಟು ಮರಗಟ್ಟಿದವು.

ದಡಕ್ಕೆ ಬಂದು ಹೆಲೆನ್ ಫ್ಲಾಸ್ಕ್ ತೆಗೆದಳು. ಮುಚ್ಚಳವೇ ಲೋಟ, ಇದ್ದದ್ದು ಅದೊಂದೇ. ಟೀ ಸುರಿದುಕೊಂಡು ಒಂದು ಗುಟುಕು ಕುಡಿದಳು. ನನ್ನ ಕಡೆ ನೋಡಿದಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಆಮೇಲೆ ಹೊಳೆಯ ಕಡೆ ತಿರುಗಿದಳು.

ಆ ಹಬೆ ನನ್ನ ಮುಖದ ಮುಂದೆಯೇ ಹಾದುಹೋಯಿತು. ಸೋಮವಾರ ಹೇಗೂ ಹೊರಡುವವಳು, ಇನ್ನು ಕಳೆದುಕೊಳ್ಳುವುದೇನಿದೆ? ಹುಟ್ಟಿದ ಮೇಲೆ ಮೊದಲ ಬಾರಿಗೆ, ಯಾರೂ ಒಂದು ಸಲವೂ ಕೇಳದೆ, ನಾನೇ ಕೇಳಿದೆ.

"ನನಗೂ ಸ್ವಲ್ಪ ಕೊಡ್ತೀಯಾ?"

ಹೆಲೆನ್ ತಿರುಗಿದಳು. ಅವಳು ಕುಡಿಯುತ್ತಿದ್ದ ಅದೇ ಮುಚ್ಚಳವನ್ನು, ಒರೆಸದೆ, ತೊಳೆಯದೆ, ನನ್ನ ಕೈಗಿಟ್ಟಳು. ನಾನು ಕುಡಿದೆ. ಟೀ ಚೆನ್ನಾಗಿರಲಿಲ್ಲ. ಸಕ್ಕರೆ ಇರಲಿಲ್ಲ. ಮುಗಿಯುವ ತನಕ ನಾನು ತಲೆ ಎತ್ತಲಿಲ್ಲ.

"ನಿನಗೆ ನಮ್ಮನ್ನು ಕಂಡರೆ ಆಗೋದಿಲ್ಲ ಅಂದುಕೊಂಡಿದ್ದೆವು" ಎಂದಳು. "ಎಷ್ಟು ಸಲ ಕೇಳಿದ್ವಿ!"

"ಒಂದೊಂದಕ್ಕೆ ಒಂದೇ ಸಲ ಕೇಳಿದ್ರಿ."

"ಬೇಡ ಅಂದವಳನ್ನು ಮತ್ತೆ ಕೇಳೋದಾ? ಅದು ಪೀಡಿಸಿದ ಹಾಗಲ್ವಾ? ನಮ್ಮಮ್ಮನಿಗೆ ಗೊತ್ತಾದರೆ ಬೈತಾಳೆ."

ಅವಳಿಗೂ ಒಬ್ಬ ಅಮ್ಮ! ಅವಳೂ ಪಾಠ ಕಲಿಸಿ ಕಳಿಸಿದ್ದಳು! ಒಬ್ಬಳಿಗೆ ಮತ್ತೆ ಕೇಳದಿರುವುದು ಮರ್ಯಾದೆ, ಇನ್ನೊಬ್ಬಳಿಗೆ ಮೊದಲ ಸಲಕ್ಕೆ ಒಪ್ಪದಿರುವುದು. ಹೀಗೆ ಇಬ್ಬರು ಮರ್ಯಾದಸ್ಥರು ಒಂದೇ ಮನೆಯಲ್ಲಿ ಎರಡು ತಿಂಗಳು ಮಾತಿಲ್ಲದೆ ಕಳೆದಿದ್ದೆವು. ನಾನು ಮೂರು ಸಲದ ಪದ್ಧತಿ ವಿವರಿಸಿದೆ. ಲೋಟದ ವಿಷಯ ಅಂದು ಹೇಳಲಿಲ್ಲ. ಅದನ್ನು ಹೇಳಿದ್ದು ಮಾರ್ಚಿನಲ್ಲಿ. ಅವಳು ಎದ್ದು ಹೋಗಿ ಇಬ್ಬರಿಗೂ ಟೀ ಮಾಡಿಕೊಂಡು ಬಂದಳು. ಬೇಕಾ ಎಂದು ಒಂದು ಸಲವೂ ಕೇಳಲಿಲ್ಲ.

ಬೋರ್ಡಿನಲ್ಲಿ ನಾಲ್ಕನೆಯ ಹೆಸರು ಮತ್ತೆ ಬಂತು. ನನ್ನ ಸರದಿಯ ಭಾನುವಾರ ಉಪ್ಪಿಟ್ಟು ಮಾಡಿದೆ. ಹೆಲೆನ್ ಒಂದು ತಟ್ಟೆ ಮುಗಿಸಿ "ಇನ್ನು ಬೇಡ" ಎಂದಳು. ನಾನು ಬಡಿಸಿದೆ.

"ಬೇಡ ಅಂದೆನಲ್ಲ!"

"ಎಷ್ಟು ಸಲ?"

ಉಳಿದ ಇಬ್ಬರು ಹುಡುಗಿಯರು ಕುರ್ಚಿಯಿಂದ ಬೀಳುವಷ್ಟು ನಕ್ಕರು. ಉಪ್ಪಿಟ್ಟು ಮಾಡುವ ವಿಧಾನ ಬರೆದುಕೊಡು ಎಂದರು. ಕೈಗೆ ಸಿಕ್ಕಿದ್ದು ಬ್ಯಾಗಿನಲ್ಲಿದ್ದ ಫಾರಂ. ಅದರ ಹಿಂದೆಯೇ ಬರೆದುಕೊಟ್ಟೆ. ಕಾರಣದ ಜಾಗ ಖಾಲಿಯೇ ಉಳಿಯಿತು.

ಇಷ್ಟನ್ನೂ ಬಸ್ಸಿನಲ್ಲಿ ಅಮ್ಮನಿಗೆ ಹೇಳಿದೆ. ಆಗ ಫೋನಿನಲ್ಲಿ ಹೇಳದೆ ಉಳಿಸಿಕೊಂಡದ್ದನ್ನೆಲ್ಲ. ಅವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ನಂಜನಗೂಡು ಬಂದಾಗ ಒಂದೇ ಮಾತು ಹೇಳಿದಳು. "ಅಲ್ಲಿ ಸರಿ ಮೊಗ. ಇಲ್ಲಿ ಊ ಅಂದ್ಮೇಲೆ ಗೂಡ್ಲಿರೋ ಲೋಟ ಬಂದ್ರೆ?"

ಮೂಗೂರಿನಲ್ಲಿ ಬಂದಿರಲಿಲ್ಲ ನಿಜ. ಆದರೆ ಅವಳ ಐವತ್ತು ವರ್ಷಗಳ ಎದುರು ನನ್ನ ಒಂದು ಮೂಗೂರು ಎಷ್ಟರದು?

ಮೊನ್ನೆ ಭಾನುವಾರ ಸುಮಾ ಕೋಲೂರಿಕೊಂಡು, ಗೌರಮ್ಮನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಹೇಳದೆ ಕೇಳದೆ. ಅಮ್ಮ ಚಾಪೆ ಹಾಸಿದಳು, ಎತ್ತಿ ಕೊಡವಿ ಮತ್ತೆ ಹಾಸಿದಳು. ಊರೊಳಗಿನ ಮನೆಗಳ ಹಿರಿಯರು ನಮ್ಮ ಬೀದಿಗೆ ಬಂದರೆ ಏನು ಹೇಳುತ್ತಾರೆಂದು ಅವಳಿಗೆ ಬಾಯಿಪಾಠ. ಇವತ್ತು ಉಪವಾಸ. ಡಾಕ್ಟ್ರು ಕಾಫಿ ಬೇಡ ಅಂದವ್ರೆ. ಆ ಮಾತಿಗೆ ತಯಾರಾಗಿಯೇ, ನೆಲ ನೋಡುತ್ತಾ ಕೇಳಿದಳು.

"ಕಾಪಿ ಕುಡೀತೀರಾ ಅವ್ವ?"

"ಕುಡೀದೆ ಮತ್ತೆ? ತತ್ತಾ" ಎಂದರು ಗೌರಮ್ಮ, ಕಾಲು ನೀಡಿಕೊಂಡು ಕೂರುತ್ತಾ. "ನಿನ್ ಮಗ್ಳು ಒಂದೇ ಕಿತಕ್ಕೆ ಊ ಅಂದು ನನ್ನ ಗೋಡೆ ತಾವ ಓಡ್ಸಿದ್ಲಲ್ಲ. ಈಗ ನೀನ್ ಓಡು."

ಅಮ್ಮ ನಿಂತಲ್ಲೇ ನಿಂತಳು. ಆಮೇಲೆ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಏನೇನಿತ್ತೋ ಬರೆಯಲಾರೆ, ಒಂದು ಮಾತ್ರ ಸ್ಪಷ್ಟವಾಗಿತ್ತು: ಮನೆಯಲ್ಲಿ ತೊಟ್ಟು ಹಾಲಿರಲಿಲ್ಲ. ನಾನು ಪಾತ್ರೆ ಹಿಡಿದು ಓಡಿದೆ. ತಿರುಗಿ ಬಂದಾಗ ಅಮ್ಮ ನಾಲ್ಕು ಲೋಟ ತೊಳೆದು ಸಾಲಾಗಿ ಜೋಡಿಸಿದ್ದಳು. ಗೌರಮ್ಮ ಕುಡಿದು, ಸಕ್ಕರೆ ಕಮ್ಮಿ ಎಂದು ಬೈದು, ಇನ್ನರ್ಧ ಲೋಟ ಹಾಕಿಸಿಕೊಂಡರು.

ಮಾರನೆಯ ಬೆಳಿಗ್ಗೆ ನಾನು ಕಾಲೇಜಿಗೆ ಹೊರಟಾಗ ಅಮ್ಮ ಬಾಗಿಲಲ್ಲಿ ನಿಂತು ಹಾಲಿನವನಿಗೆ ಹೇಳುತ್ತಿದ್ದಳು. "ನಾಳಿಂದ ಅರ್ಧ ಲೀಟ್ರು ಜಾಸ್ತಿ ಆಕಪ್ಪ. ಯಾರ್ ಯಾವಾಗ ಊ ಅಂತಾರೋ ಏಳಕಾಗಲ್ಲ."