ತಾನೇ ಹೋಗುವ ಪೆಟ್ಟಿಗೆ

ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿದವನು ನಾನು. ಹಿಂದೆ ಬಿದ್ದು ತಳ್ಳದಿದ್ದರೆ ಯಾವ ಕಡತವೂ ಪಕ್ಕದ ಮೇಜಿಗೆ ಸಹ ಹೋಗುವುದಿಲ್ಲ ಎಂಬುದು ನನ್ನ ಅನುಭವ. ಅದೇ ಅನುಭವ ಕಳೆದ ವರ್ಷ ದೆಹಲಿ ವಿಮಾನ ನಿಲ್ದಾಣದಲ್ಲಿ ನನ್ನನ್ನು ಕೆಡಿಸಿತು.

ಅಂದು ಸಂಜೆ ಐದಕ್ಕೆ ಅಮೃತಸರದಲ್ಲಿ ಮಗಳ ಮಗುವಿಗೆ ತೊಟ್ಟಿಲು ಶಾಸ್ತ್ರ. ಅಳಿಯ ಪಂಜಾಬಿ, ಆದರೂ ನಮ್ಮ ಪದ್ಧತಿಗೆ ಆ ಮನೆಯವರು ಸಂತೋಷದಿಂದ ಒಪ್ಪಿದ್ದರು. ನಮ್ಮಲ್ಲಿ ಹುಟ್ಟಿದ ಮಕ್ಕಳೆಲ್ಲ ತೊಟ್ಟಿಲಲ್ಲಿ ಮೊದಲು ಮಲಗುವುದು ನನ್ನ ಅಮ್ಮ ಉಟ್ಟು ಉಟ್ಟು ಮೆತ್ತಗಾದ ಒಂದು ಹಸಿರು ಸೀರೆಯ ಮೇಲೆ. ನನ್ನ ಮಗಳೂ ಮಲಗಿದ್ದಳು. ಸೀರೆ ಮೈಸೂರಿನಲ್ಲಿ ಅಕ್ಕನ ಬಳಿ ಇತ್ತು. ಹೆಂಡತಿ ಆಗಲೇ ಮಗಳ ಮನೆಯಲ್ಲಿದ್ದುದರಿಂದ ತರುವ ಕೆಲಸ ನನ್ನದಾಯಿತು. "ಸೀರೆ ಕೈಚೀಲದಲ್ಲೇ ಇಟ್ಕೊಳ್ಳಿ" ಎಂದು ಅವಳು ಫೋನಿನಲ್ಲಿ ಮೂರು ಸಲ ಹೇಳಿದಳು. ಹೇಳಿದ್ದನ್ನು ಕೇಳಿದರೆ ನಾನು ನಾನಾಗುವುದು ಹೇಗೆ? ಅಕ್ಕ ಕೊಟ್ಟ ಉಪ್ಪಿನಕಾಯಿ ಜಾಡಿ ಒಡೆಯಬಾರದೆಂದು ಅದೇ ಸೀರೆಯನ್ನು ಜಾಡಿಗೆ ಸುತ್ತಿ, ಪೆಟ್ಟಿಗೆಯೊಳಗಿಟ್ಟು, ಬೆಂಗಳೂರಿನ ಕೌಂಟರಿನಲ್ಲಿ ಒಪ್ಪಿಸಿಬಿಟ್ಟೆ.

ವಿಮಾನ ದೆಹಲಿಗೆ ತಡವಾಗಿ ಇಳಿಯಿತು. ಅಮೃತಸರದ ವಿಮಾನಕ್ಕೆ ಐವತ್ತು ನಿಮಿಷವಷ್ಟೇ ಉಳಿದಿತ್ತು. ಆದರೆ ದೆಹಲಿ ನನ್ನ ಊರು. ಮಯೂರ್ ವಿಹಾರದ ನಮ್ಮ ಮನೆಗೆ ಹೋಗಲು ಇಲ್ಲಿ ಎಷ್ಟು ಸಲ ಇಳಿದಿದ್ದೇನೋ! ಇಳಿದ ಕೂಡಲೇ ಪೆಟ್ಟಿಗೆ ಬರುವ ಬೆಲ್ಟಿನ ಹತ್ತಿರ ಹೋಗುವುದು ಕಾಲಿಗೆ ಅಭ್ಯಾಸ. ಅಂದೂ ಕಾಲು ಅಲ್ಲಿಗೇ ಒಯ್ದಿತು.

ಅಲ್ಲಿ ನಿಂತ ಮೇಲೆ ಗೊಂದಲ ಶುರುವಾಯಿತು. ಪೆಟ್ಟಿಗೆ ಇಲ್ಲಿ ಬರುತ್ತದೋ, ನೇರ ಅಮೃತಸರಕ್ಕೆ ಹೋಗುತ್ತದೋ? ಬೆಂಗಳೂರಿನ ಕೌಂಟರಿನ ಹುಡುಗಿ ಏನೋ ಹೇಳಿದ್ದಳು. ಆಗ ನಾನು ಉಪ್ಪಿನಕಾಯಿಯ ತೂಕದ ಬಗ್ಗೆ ವಾದ ಮಾಡುತ್ತಿದ್ದೆ.

ಸಮವಸ್ತ್ರದ ಒಬ್ಬಳನ್ನು ಕೇಳಿದೆ. ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದ್ದ ಪೆಟ್ಟಿಗೆಯ ಚೀಟಿ ನೋಡಿ, "ಅಂಕಲ್, ಬ್ಯಾಗ್ ಸೀದಾ ಅಮೃತಸರ್ ಜಾಯೇಗಾ. ಆಪ್ ಜಲ್ದಿ ಊಪರ್ ಜಾಯಿಯೇ" ಎಂದಳು. ಪೆಟ್ಟಿಗೆ ತಾನೇ ಹೋಗುತ್ತದಂತೆ, ನಾನು ಬೇಗ ಮೇಲೆ ಹೋಗಬೇಕಂತೆ.

"ಕೌನ್ ಲೇ ಜಾಯೇಗಾ?" ಯಾರು ಒಯ್ಯುತ್ತಾರೆ ಎಂದು ಕೇಳಿದೆ.

"ಹಮಾರೇ ಲೋಗ್."

'ನಮ್ಮ ಜನ ನೋಡಿಕೊಳ್ಳುತ್ತಾರೆ' ಎಂದು ನಾನೂ ಎಷ್ಟೋ ಮಂದಿಯನ್ನು ಕಚೇರಿಯಿಂದ ಸಾಗಹಾಕಿದವನೇ. ಆ ಮಾತಿನ ಬೆಲೆ ನನಗೆ ಗೊತ್ತಿಲ್ಲವೇ? ವಿಮಾನವೇ ತಡ, ಇಷ್ಟರಲ್ಲಿ ನನ್ನ ಪೆಟ್ಟಿಗೆಯನ್ನು ಯಾರು ಹುಡುಕಿ ಒಯ್ಯುತ್ತಾರೆ? ಮೇಲೆ ಹೋಗುವ ಲಿಫ್ಟಿನ ತನಕ ಹೋದೆ. ದೂರದಲ್ಲಿ ನನ್ನದರಂತೆಯೇ ಒಂದು ನೀಲಿ ಪೆಟ್ಟಿಗೆ ಕಂಡಿತು, ಓಡಿ ಬಂದೆ. ಇನ್ನಾರದೋ. ಮತ್ತೆ ಹೋದೆ, ಮತ್ತೆ ಬಂದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಎರಡೂ ನಾನೇ ಆಗಿದ್ದೆ.

ಕೊನೆಗೆ ಬೆಲ್ಟು ಖಾಲಿಯಾಗಿ ನಿಂತಿತು. ಹೊರಗೆ ಓಡಿ, ಮೇಲೆ ಹತ್ತಿ, ಮತ್ತೆ ತಪಾಸಣೆ ಮುಗಿಸಿ ಹೋಗುವಷ್ಟರಲ್ಲಿ ಗೇಟು ಮುಚ್ಚಿತ್ತು.

ಗೇಟಿನವನು ಬೇಸರದಿಂದಲೇ ಹೇಳಿದ: "ಆಪ್ಕಾ ಬ್ಯಾಗ್ ತೋ ಚಢ್ ಗಯಾ ಥಾ. ಆಪ್ ನಹೀಂ ಆಯೇ, ಅಬ್ ಉತಾರ್ ರಹೇ ಹೈಂ."

ಪೆಟ್ಟಿಗೆ ನನಗಿಂತ ಮೊದಲೇ ವಿಮಾನ ಹತ್ತಿ ಕೂತಿತ್ತು. ನಾನು ಹೋಗದ ತಪ್ಪಿಗೆ ಅದನ್ನು ಕೆಳಗಿಳಿಸುತ್ತಿದ್ದರು. ನಾಚಿಕೆಯಿಂದ ಕುಗ್ಗಿಹೋದೆ. ಮುಂದಿನ ಸೀಟು ಸಿಕ್ಕಿದ್ದು ಮರುದಿನ ಬೆಳಿಗ್ಗೆಗೆ.

ಹೆಂಡತಿಗೆ ಫೋನ್ ಮಾಡಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಅಚ್ಛಾ. ಬೀಗಿತ್ತಿ ತಮ್ಮ ದುಪಟ್ಟಾ ಹಾಸ್ತೀನಿ ಅಂತಿದಾರೆ. ಮುಹೂರ್ತ ಮೀರೋದು ಬೇಡ" ಎಂದಷ್ಟೇ ಹೇಳಿದಳು.

ಇಳಿಸಿಕೊಟ್ಟ ಪೆಟ್ಟಿಗೆಯನ್ನು ಮಯೂರ್ ವಿಹಾರಕ್ಕೆ ಒಯ್ದು, ಸಂಜೆ ಮನೆಯಲ್ಲಿ ತೆರೆದೆ. ಜಾಡಿ ಒಡೆದಿರಲಿಲ್ಲ. ಸೀರೆ ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಗ ಫೋಟೋ ಬಂತು. ಗುಲಾಬಿ ದುಪಟ್ಟಾದ ಮೇಲೆ ಮಗು ಸುಖವಾಗಿ ನಿದ್ದೆ ಮಾಡುತ್ತಿತ್ತು. ಅಮ್ಮನ ಸೀರೆ ತಪ್ಪಿದ ಮೊದಲ ಮಗು ನನ್ನ ಮೊಮ್ಮಗಳು, ತಪ್ಪಿಸಿದವನು ನಾನು.