ಏಡಿ ತಿರುಗುವ ಮೂಲೆ

ಬೆಳಕು ಹರಿಯುವ ಮೊದಲು ಯಸವತಿ ಮಾಡಿ ಮುಗಿಸುವ ಕೆಲಸಗಳು ಇವು: ಒಲೆ ಹಚ್ಚುವುದು, ಹಿತ್ತಲಿನ ಒಂದೆಲಗ ಕಿತ್ತು ಅರೆದು ಗಂಜಿಗೆ ಬೆರೆಸುವುದು, ತೆಂಗಿನಕಾಯಿ ತುರಿಯುವುದು, ಶ್ಯಾವಿಗೆ ಒತ್ತಿ ಬೇಯಿಸುವುದು, ಬೇಳೆಗೆ ಕಾಯಿಹಾಲು ಹಿಂಡುವುದು, ಸೊಸೆ ತುಷಾರಿ ಬಟ್ಟೆ ಕಾರ್ಖಾನೆಗೆ ಒಯ್ಯುವ ಅನ್ನದ ಪೊಟ್ಟಣ ಕಟ್ಟುವುದು, ಅಂಗಳದ ಮರಳು ಗುಡಿಸುವುದು, ಬುದ್ಧನ ಗೂಡಿಗೆ ಹೂವಿಟ್ಟು ದೀಪ ಹಚ್ಚುವುದು, ಗಂಡನಿಗೆ ಚಹಾ ಕೊಡುವುದು, ಅದು ಆರಿಹೋಯಿತೆಂದು ಅವನು ವಾಪಸು ಕಳಿಸಿದ ಮೇಲೆ ಮತ್ತೊಮ್ಮೆ ಕಾಯಿಸಿ ಕೊಡುವುದು. ಇಷ್ಟಾದ ಮೇಲೆ ಅವಳು ಬಾಗಿಲ ಬಳಿ ಲೇಸಿನ ದಿಂಬು ಎಳೆದುಕೊಂಡು ಕೂತರೆ, ಗಂಡ ಆರ್ಯಪಾಲ ತಪ್ಪದೆ ಹೇಳುತ್ತಾನೆ: "ಶುರುವಾಯ್ತು ಇವಳ ಆಟ."

ಆಟವೆಂದರೆ ಇದು. ದಿಂಬಿನ ಮೇಲೆ ನಮೂನೆಯಂತೆ ತೂತು ಹೊಡೆದ ರಟ್ಟು, ತೂತುಗಳಲ್ಲಿ ಗುಂಡುಸೂಜಿ, ದಾರ ಸುತ್ತಿದ, ಬೀರಲು ಎನ್ನುವ ಮರದ ಕಡ್ಡಿಗಳು ಹತ್ತಾರು ಜೋಡಿ. ಕಡ್ಡಿ ದಾಟಿಸಿ, ಹೊರಳಿಸಿ, ಸೂಜಿ ನೆಟ್ಟು, ಮತ್ತೆ ದಾಟಿಸುತ್ತ ಹೋದರೆ ಒಂದು ಹಗಲಿಗೆ ಬೆರಳುದ್ದದ ಲೇಸು ಇಳಿಯುತ್ತದೆ. ಶ್ರೀಲಂಕಾದ ಗಾಲೆ ಕೋಟೆಯ ಹೊರಗಿನ ನಮ್ಮ ಓಣಿಯಲ್ಲಿ ಹಿಂದೆ ಮನೆಮನೆಯಲ್ಲೂ ಕಡ್ಡಿಗಳ ಸದ್ದಿತ್ತು. ಈಗ ಉಳಿದವರು ಯಸವತಿ, ನಾನು, ಇನ್ನೊಂದಿಬ್ಬರು. ನಾನು ಪಕ್ಕದ ಮನೆಯವಳು. ಅವಳು ನನ್ನನ್ನು ಕರೆಯುವುದು ನಂಗಿ ಎಂದು, ಅಂದರೆ ತಂಗಿ.

ಯಸವತಿಯ ತಾಯಿ ಎಮಲಿನ್ ನೋನಾ ಏಡಿಗಳ ಸಾಲು ಮೂಡುವ ಲೇಸಿಗೆ ಹೆಸರಾದವಳು. ನಮ್ಮಂಥವರು ಬಟ್ಟೆಯ ಮೂಲೆ ಬಂತೆಂದರೆ ಎರಡು ಪಟ್ಟಿ ಬೇರೆಬೇರೆ ಹೆಣೆದು ಸೇರಿಸಿ ಹೊಲಿಯುತ್ತೇವೆ. ಎಮಲಿನ್ ದಾರ ಕತ್ತರಿಸುತ್ತಿರಲಿಲ್ಲ. ಸಾಲಾಗಿ ಬಂದ ಏಡಿಗಳಲ್ಲಿ ಒಂದು ಮೂಲೆಯಲ್ಲಿ ತಾನೇ ತಿರುಗಿ, ಇನ್ನೊಂದು ಬದಿಗೆ ನಡೆದುಬಿಡುತ್ತಿತ್ತು. ಅದನ್ನು ಮಗಳು ಕಲಿಯಲಿಲ್ಲ.

"ಕಲಿಯೋದು ಹೆಂಗೆ ನಂಗಿ? ಮೂಲೆ ಬಂದಾಗೆಲ್ಲ ಅಮ್ಮ, 'ಹೋಗೇ, ಒಲೆ ನೋಡ್ಕೋ' ಅಂತ ನನ್ನ ಒಳಗೆ ಅಟ್ಟೋಳು. ಇಬ್ಬರಲ್ಲಿ ಒಬ್ಬಳು ಒಲೆ ಮುಂದೆ ಇರಲೇಬೇಕಲ್ಲ!"

ಮಗಳು ಮನೆಯಲ್ಲಿಲ್ಲದ ದಿನ ಅನ್ನ ಉಕ್ಕಿದರೆ, ಗಂಡ ಕರೆದರೆ, ಎಮಲಿನ್ ಕೈಲಿದ್ದ ಜೋಡಿಯನ್ನು ಬೆಕ್ಕು ಕೆಡಿಸದ ಹಾಗೆ ಇನ್ನೊಂದು ಸುತ್ತು ಬಿಗಿದು ಏಳುತ್ತಿದ್ದಳು. ಬಂದ ಮೇಲೆ ಬಿಚ್ಚುತ್ತಿರಲಿಲ್ಲ, ಹಾಗೇ ಮುಂದುವರಿಯುತ್ತಿದ್ದಳು. ಅಲ್ಲಿ ಸಾಸಿವೆಗಿಂತ ಸಣ್ಣ ದಪ್ಪ ಚುಕ್ಕೆಯೊಂದು ಉಳಿಯುತ್ತಿತ್ತು. ಕೊಳ್ಳುವವರಿಗೆ ಅದು ಕಾಣದು. ಹೆಣೆಯುವವರಿಗೆ ಕಾಣುತ್ತದೆ: ಇಲ್ಲಿ ಎದ್ದಳು, ಇಲ್ಲಿ ಮತ್ತೆ ಎದ್ದಳು.

ಕಡಲು ಮನೆಯೊಳಗೆ ನುಗ್ಗಿದ ವರ್ಷ ಎಮಲಿನ್ ಬಿಟ್ಟುಹೋಗಿದ್ದ ರಟ್ಟುಗಳೆಲ್ಲ ನೀರುಪಾಲಾದವು. ಉಳಿದದ್ದು ಕೂಸಿನ ಟೋಪಿಗೆ ಹೊಲಿದಿದ್ದ ಗೇಣುದ್ದದ ಏಡಿಯ ಪಟ್ಟಿ. ಅದು ನೇರ ಪಟ್ಟಿ, ಮೂಲೆ ಅದರಲ್ಲಿಲ್ಲ. ಯಸವತಿ ವರ್ಷಗಟ್ಟಲೆ ತಾನೇ ಊಹಿಸಿ ಮೂಲೆ ಹೆಣೆದು ನೋಡಿದಳು. ಏಡಿಗೆ ಒಮ್ಮೆ ಕಾಲು ಹೆಚ್ಚಾಗುತ್ತಿತ್ತು, ಒಮ್ಮೆ ಸೊಂಟ ಮುರಿಯುತ್ತಿತ್ತು. ಹೋದ ವರ್ಷ ಅವಳ ಎಡಗಣ್ಣಿಗೆ ಪೊರೆ ಬಂತು. ಬಲಗಣ್ಣಿಗೂ ಬರುವ ಮೊದಲು ಅಮ್ಮನ ಮೂಲೆಯನ್ನು ಒಮ್ಮೆಯಾದರೂ ಹೆಣೆಯಬೇಕು ಎಂಬುದೊಂದೇ ಅವಳ ಆಸೆ.

ಹುಣ್ಣಿಮೆಯ ರಜೆಯ ದಿನ ತುಷಾರಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ನಾನೂ ಅಲ್ಲೇ ಇದ್ದೆ.

"ಅಮ್ಮಾ, ಫೋಟೋ ತೋರಿಸಿದ್ರೆ ಅಂಥದ್ದೇ ಎಲ್ಲೆಲ್ಲಿದೆ ಅಂತ ಫೋನು ಹುಡುಕಿ ಕೊಡುತ್ತೆ. ಕಾರ್ಖಾನೇಲಿ ಗುಂಡಿ, ಜಿಪ್ಪು ಎಲ್ಲ ಹಂಗೇ ಹುಡುಕ್ತೀವಿ. ಆ ಪಟ್ಟಿ ತನ್ನಿ, ನೋಡೋಣ."

ಯಸವತಿ ಟೋಪಿಯ ಪಟ್ಟಿ ಬಿಚ್ಚಿ ತಂದು ಚಾಪೆಯ ಮೇಲೆ ಹರಡಿದಳು. ತುಷಾರಿ ಫೋಟೋ ಹಿಡಿದು ಹುಡುಕಿದಳು. ಬಂದದ್ದು ಮೀನಿನ ಬಲೆಗಳು. ನೀಲಿ ಬಲೆ, ಹರಿದ ಬಲೆ, ಬಲೆ ಹೊಲಿಯುತ್ತಿರುವ ಮುದುಕ.

ಬಾಗಿಲಲ್ಲಿದ್ದ ಆರ್ಯಪಾಲ ಗಹಗಹಿಸಿದ. "ಫೋನಿಗೂ ಗೊತ್ತಾಯ್ತು ನೋಡು. ಇದರ ಬದಲು ಬಲೆ ಹೆಣೆದಿದ್ರೆ ನಾಲ್ಕು ಮೀನಾದ್ರೂ ಸಿಗ್ತಿತ್ತು!"

"ನಿಮ್ಮನ್ನ ಹಿಡಿದು ತಂದೆನಲ್ಲ, ಆ ಒಂದು ಮೀನೇ ಸಾಕು. ಇನ್ನೂ ಬೇಯಿಸಿ ಹಾಕ್ತಾನೇ ಇದ್ದೀನಿ," ಎಂದಳು ಯಸವತಿ.

ತುಷಾರಿ ಚಿತ್ರವನ್ನು ಹಿಗ್ಗಿಸಿದಳು. "ಇಷ್ಟೊಂದು ಗಂಟು, ದಾರದ ಬಾಲ ಕಾಣ್ತಿದೆಯಲ್ಲ. ಯಾವ ಬದಿ ಇಟ್ಟಿದ್ದೀರಿ?"

ನಾನೂ ಯಸವತಿಯೂ ಮುಖಮುಖ ನೋಡಿಕೊಂಡೆವು. ನಾವು ಹೆಣೆಯುವಾಗ ಲೇಸು ಮಗುಚಿಕೊಂಡಿರುತ್ತದೆ, ಅದರ ಬೆನ್ನೇ ನಮ್ಮ ಕಡೆಗಿರುತ್ತದೆ. ಜೀವಮಾನವೆಲ್ಲ ಬೆನ್ನು ನೋಡಿದವರಿಗೆ ಅದೇ ಮುಖ. ಅವಳು ಬೆನ್ನನ್ನೇ ಮೇಲೆ ಮಾಡಿ ಇಟ್ಟಿದ್ದಳು, ನನಗೂ ಅದು ತಪ್ಪೆಂದು ತೋಚಿರಲಿಲ್ಲ.

ಪಟ್ಟಿಯನ್ನು ಮಗುಚಿದೆವು. ಬಿಳಿ ಲೇಸು ಚಾಪೆಯ ಮೇಲೆ ಸರಿಯಾಗಿ ಕಾಣುವುದಿಲ್ಲವೆಂದು ಆರ್ಯಪಾಲನ ಕಪ್ಪು ಛತ್ರಿ ಬಿಡಿಸಿ ಅದರ ಮೇಲೆ ಹರಡಿದೆವು. ಈ ಸಲ ಲೇಸುಗಳೇ ಬಂದವು. ಆದರೆ ಜೊತೆಗೆ ಪ್ಲಾಸ್ಟಿಕ್ ಮೇಜುಹಾಸು, ಕೇಕಿನ ಮೇಲಿನ ಕೆನೆ, ಕಿಟಕಿಯ ಸರಳು. ತುಷಾರಿ ಬೆಳ್ಳುಳ್ಳಿ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಚಿತ್ರದ ಚೌಕಟ್ಟನ್ನು ಬೆರಳಿನಿಂದ ಎಳೆದು ಒಂದೇ ಒಂದು ಏಡಿಗೆ ಇಳಿಸಿದಳು. "ಎಲ್ಲ ಒಟ್ಟಿಗೆ ತೋರಿಸಿದ್ರೆ ಅದಕ್ಕೆ ತಲೆ ಕೆಡುತ್ತೆ. ಒಂದು ಏಡಿ ಸಾಕು." ಏಡಿಗಳು ಬಂದವು. ಕೊನೆಗೆ ಅದರ ಜೊತೆ ಒಂದು ಮಾತೂ ಬರೆದಳು. "ಶ್ರೀಲಂಕಾ ಅಂತ ಹಾಕಿದ್ರೆ ಹೋಟೆಲು ತೋರಿಸುತ್ತೆ. ಅಜ್ಜಿ ಲೇಸು ಮಾರ್ತಿದ್ದ ಕಾಲಕ್ಕೆ ಹಡಗಿನವರು ನಮ್ಮ ದೇಶಕ್ಕೆ ಏನಂತಿದ್ರು? ಸಿಲೋನ್ ಅಲ್ವಾ?"

ಮೊದಲು ಸಿಕ್ಕ ಚಿತ್ರ ನೋಡಿ ನಾನು, "ಇದೇ ಇದೇ!" ಎಂದು ಕೂಗಿದೆ. ಯಸವತಿ ಬಲಗಣ್ಣನ್ನು ಫೋನಿಗೆ ತೀರ ಹತ್ತಿರ ತಂದು, ಹಿಗ್ಗಿಸಿ ಹಿಗ್ಗಿಸಿ ನೋಡಿ ತಲೆಯಾಡಿಸಿದಳು. "ಇವಳು ಎಲ್ಲೂ ಎದ್ದಿಲ್ಲ. ಇದು ಯಂತ್ರದ್ದು."

ಅದರ ಕೆಳಗಿತ್ತು ತಟ್ಟೆಯಲ್ಲಿ ಹಾಸುವ ಒಂದು ಬಟ್ಟೆ, ಅಂಚಿಗೆಲ್ಲ ಏಡಿಯ ಲೇಸು. ಯಾವುದೋ ದೂರದ ದೇಶದಲ್ಲಿ ಹಳೆಯ ಬಟ್ಟೆಗಳನ್ನು ಕೂಡಿಡುವ ಹೆಂಗಸೊಬ್ಬಳು ಅದನ್ನು ಒಗೆದು, ಇಸ್ತ್ರಿ ಮಾಡಿ, ಗಾಢ ನೀಲಿ ಬಟ್ಟೆಯ ಮೇಲೆ ಹಾಸಿ, ನಾಲ್ಕೂ ಮೂಲೆಗಳ ಚಿತ್ರ ಬೇರೆಬೇರೆಯಾಗಿ ತೆಗೆದು ಹಾಕಿದ್ದಳು. ತುಷಾರಿ ಪುಟ ತೆರೆದು ಓದಿ ಹೇಳಿದಳು: "ಅತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ಸಿಲೋನ್. ಹೆಣೆದವರು ಗೊತ್ತಿಲ್ಲ."

ಯಸವತಿ ಉಗುರಿನ ತುದಿಯಿಂದ ಗಾಜಿನ ಮೇಲೆ ತೋರಿಸಿದಳು. ಎರಡನೆಯ ಏಡಿಯ ಬಳಿ ಒಂದು ಚುಕ್ಕೆ. ಮೂಲೆಗೆ ಬರುವ ಮೊದಲು ಇನ್ನೊಂದು. ಮೂಲೆಯ ಏಡಿಯ ಹೊಟ್ಟೆಯಲ್ಲೇ ಮತ್ತೊಂದು.

"ಇಲ್ಲಿ ಅನ್ನ ಉಕ್ಕಿದೆ," ಎಂದಳು. ಆಮೇಲೆ ತುಷಾರಿಯ ಬೆಳ್ಳುಳ್ಳಿ ತಟ್ಟೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಉಳಿದದ್ದನ್ನು ತಾನೇ ಬಿಡಿಸಿದಳು.

ಸಂಜೆ ಬುದ್ಧನ ಗೂಡಿನ ಮುಂದೆ ಅವಳು ದೀಪಗಳನ್ನು ಹಚ್ಚಿ, ಪುಣ್ಯವನ್ನು ಹಂಚಿದಳು. ಅಮ್ಮನಿಗೆ, ಚಿತ್ರ ಹಾಕಿದ, ಹೆಸರು ಗೊತ್ತಿಲ್ಲದ ಆ ಹೆಂಗಸಿಗೆ, ಬಟ್ಟೆಯನ್ನು ಎಸೆಯದೆ ಪೆಟ್ಟಿಗೆಯಲ್ಲಿಟ್ಟ ಅವಳ ಅತ್ತೆಗೆ, ತುಷಾರಿಗೆ.

"ಆ ಫೋನಿಗೂ ಒಂಚೂರು ಕೊಡಕ್ಕಾ," ಎಂದೆ ನಾನು.

"ಕೊಟ್ಟೆ ಕಣೇ. ಛತ್ರಿಗೂ ಕೊಟ್ಟೆ."

"ಛತ್ರಿಯ ಯಜಮಾನನಿಗೆ?" ಎಂದ ಆರ್ಯಪಾಲ.

"ನಿಮಗೆ ಚಹಾ ಕೊಟ್ಟಿದ್ದೀನಲ್ಲ."

ಮರುದಿನ ತುಷಾರಿ ಆ ಪುಟದಲ್ಲಿ ಹೆಣೆದವಳ ಹೆಸರು ಬರೆದು ಕಳಿಸಿದಳು: ಎಮಲಿನ್ ನೋನಾ, ಗಾಲೆ. ವಾರದೊಳಗೆ ಆ ಹೆಂಗಸು ಮೂಲೆಯ ಇನ್ನೂ ದೊಡ್ಡ ಚಿತ್ರ ಕಳಿಸಿದಳು, ಅಳತೆಪಟ್ಟಿ ಪಕ್ಕದಲ್ಲಿಟ್ಟು. "ಗೊತ್ತಿಲ್ಲ" ಎಂದಿದ್ದ ಜಾಗದಲ್ಲಿ ಹೆಸರು ಬಂತು. ತುಷಾರಿ ಈ ಸಲ ಮರೆಯದೆ ಚಿತ್ರವನ್ನು ಎಡಬಲ ತಿರುವಿ, ನಮ್ಮ ಬೆನ್ನಿನ ಬದಿಗೆ ಹೊಂದುವಂತೆ ಮುದ್ರಿಸಿ ತಂದಳು. ಯಸವತಿ ಅದನ್ನು ರಟ್ಟಿಗೆ ಅಂಟಿಸಿ ತೂತು ಹೊಡೆದಳು. ಬರೀ ತೂತು ಹೊಡೆಯುವುದಕ್ಕೇ ಅವಳ ಎಷ್ಟೋ ಮಧ್ಯಾಹ್ನಗಳು ಹೋದವು, ಅಡುಗೆಗೂ ಪಾತ್ರೆಗೂ ನಡುವೆ ಸಿಗುವಷ್ಟು ಮಧ್ಯಾಹ್ನಗಳು.

ಮೂಲೆ ಹೆಣೆದ ದಿನದ ಸಂಗತಿ ಅವಳೇ ನನಗೆ ಹೇಳಿದ್ದು. ತುಷಾರಿ ಕೆಲಸಕ್ಕೆ ಹೋಗಿದ್ದಳು. ಆರ್ಯಪಾಲ ಪೇಪರು ಓದಲು ಕೋಟೆಯ ಕಡೆ ನಡೆದಿದ್ದ. ಒಲೆಯ ಮೇಲೆ ಅವನ ಮಧ್ಯಾಹ್ನದ ಅನ್ನವಿತ್ತು. ಏಡಿಯ ಹೊಟ್ಟೆ ತುಂಬಿ, ಜೋಡಿಗಳು ತಿರುಗುವ ಜಾಗಕ್ಕೆ ಬಂದಿದ್ದವು. ಅಮ್ಮನ ಚುಕ್ಕೆಯಿದ್ದದ್ದು ಸರಿಯಾಗಿ ಅಲ್ಲೇ. ಒಳಗೆ ಮುಚ್ಚಳ ತಟತಟ ಎಂದಿತು. ಗಂಜಿ ಬೆಂಕಿಗೆ ಚೆಲ್ಲಿ ಚುರ್ ಎಂದಿತು. ಅವಳ ಕೈ ತಾನಾಗಿಯೇ ಇನ್ನೊಂದು ಸುತ್ತು ಬಿಗಿದುಬಿಟ್ಟಿತು. ಅವಳು ಮೊಣಕಾಲಿನ ಮೇಲೆ ಕೈಯೂರಿ ಅರ್ಧ ಎದ್ದೂ ಇದ್ದಳು.

"ಅಮ್ಮ ನನ್ನ ಒಳಗೆ ಅಟ್ಟೋಳು. ನಾನು ಯಾರನ್ನ ಅಟ್ಟಲಿ ನಂಗಿ?"

ಅವಳು ಮತ್ತೆ ಕೂತಳು. ಬಿಗಿದ ಸುತ್ತನ್ನು ಬಿಚ್ಚಿದಳು. ಅನ್ನ ಸೀಯುವ ವಾಸನೆ ಬಾಗಿಲವರೆಗೆ ಬಂತು. ಅವಳು ಜೋಡಿಯನ್ನು ದಾಟಿಸಿ, ಹೊರಳಿಸಿ, ಮುಂದಿನ ಸೂಜಿ ನೆಟ್ಟಳು.