ಯವ್ವಾ ಹುಲಿಗೆವ್ವ ಅಂದವಳು

ನಮ್ಮ ಕೊಪ್ಪಳದ ಕಡೆ ಕಾಲ್ಬೆರಳು ಹೊಸ್ತಿಲಿಗೆ ಬಡಿದರೆ ಬಾಯಿಂದ ಬರುವುದು ಒಂದೇ ಮಾತು: "ಯವ್ವಾ ಹುಲಿಗೆವ್ವ!" ಬಿಸಿ ಹಂಚು ತಾಗಿದರೂ ಅದೇ, ಬಸ್ಸು ತಪ್ಪಿದರೂ ಅದೇ. ನಮ್ಮ ಓಣಿಯ ಮುಸ್ಲಿಂ ಅಜ್ಜಿಯೊಬ್ಬಳು ಮೊಮ್ಮಗ ಮಾಳಿಗೆಯ ಅಂಚಿನಲ್ಲಿ ಬಗ್ಗಿದ್ದನ್ನು ಕಂಡು ಮೊದಲು ಹುಲಿಗೆವ್ವನನ್ನು ಕೂಗಿ, ನಾಲಿಗೆ ಕಚ್ಚಿಕೊಂಡು ಆಮೇಲೆ ಅಲ್ಲಾನನ್ನು ಕೂಗಿದ್ದಳು. ಇಬ್ಬರಲ್ಲಿ ಯಾರು ಕೇಳಿಸಿಕೊಂಡರೋ, ಹುಡುಗ ಬೀಳಲಿಲ್ಲ. ಹೊಳೆದಂಡೆಯ ಹುಲಿಗಿಯಲ್ಲಿರುವ ಆ ದೇವಿಯ ಗುಡಿಗೆ ಹೋಗಿ ಇವರೆಲ್ಲ ಕಾಯಿ ಒಡೆಸುತ್ತಾರೆ ಎಂದಲ್ಲ. ಇಲ್ಲಿ ನೋವಿಗೆ ಆ ಹೆಸರಿದೆ, ಅಷ್ಟೇ.

ಆ ಎರಡು ಶಬ್ದಕ್ಕಾಗಿ ನಮ್ಮ ಅವ್ವ ಖರೇ ಕ್ರೈಸ್ತಳಲ್ಲ ಎಂದು ಅವಳು ಹೆತ್ತ ಮಗನೇ ತೀರ್ಪು ಕೊಟ್ಟ.

ಅವ್ವ ಅಳವಂಡಿ ಕಡೆಯ ಹಳ್ಳಿಯವಳು. ಅವಳ ಅಜ್ಜನ ಕಾಲಕ್ಕೇ ಮನೆತನ ಕ್ರೈಸ್ತವಾಗಿತ್ತು. ತೊಟ್ಟಿಲ ಕೂಸಾಗಿದ್ದಾಗಲೇ ಹಣೆಯ ಮೇಲೆ ದೀಕ್ಷಾಸ್ನಾನದ ನೀರು ಬಿದ್ದಿತ್ತು. ಮದುವೆಯಾಗಿ ಭಾಗ್ಯನಗರಕ್ಕೆ ಬಂದ ಮೇಲೆ ಹಳೆಯ ಸಭೆಯ ಚರ್ಚನ್ನು ಶನಿವಾರ ಶನಿವಾರ ತಾನೇ ಗುಡಿಸಿ ಒರೆಸುತ್ತಿದ್ದಳು. ದನಿ ಒಡಕು. ಆದರೂ ಹಾಡುವಾಗ ಎಲ್ಲರಿಗಿಂತ ಒಂದು ಸಾಲು ಮುಂದೆ ಓಡುತ್ತಿದ್ದಳು. ಕೈತುಂಬ ಹಸಿರು ಬಳೆ, ತಲೆಗೆ ಹೂವು, ಕ್ರಿಸ್ಮಸ್ಸಿಗೆ ಹೋಳಿಗೆ. ನೀನು ಎಂಥ ಕ್ರೈಸ್ತಳು ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ನಮ್ಮಣ್ಣನದು ಕೂದಲಿನ ವ್ಯಾಪಾರ. ಗುಡಿಗಳಲ್ಲಿ ಭಕ್ತರು ದೇವರಿಗೆ ಕೊಟ್ಟ ಮುಡಿಯನ್ನು ತರಿಸಿ, ತೊಳೆಸಿ, ಬಾಚಿಸಿ, ಉದ್ದ ನೋಡಿ ಕಟ್ಟು ಕಟ್ಟಿಸಿ ಮಾರುತ್ತಾನೆ. ಭಾಗ್ಯನಗರದಲ್ಲಿ ಬಹಳ ಮನೆಗಳಿಗೆ ಅದೇ ಅನ್ನ. ಕೆಲವು ವರ್ಷಗಳ ಹಿಂದೆ ಅವನು ಒಂದು ಹೊಸ ಸಭೆಗೆ ಸೇರಿ, ಗಂಗಾವತಿ ಕಡೆಯ ಕಾಲುವೆಯಲ್ಲಿ ಮುಳುಗೆದ್ದು ಹೊಸದಾಗಿ ದೀಕ್ಷಾಸ್ನಾನ ಮಾಡಿಸಿಕೊಂಡು ಬಂದ. ಅವತ್ತಿನಿಂದ ಅವನು ಖರೇ ಕ್ರೈಸ್ತ, ನಾವೆಲ್ಲ ಹೆಸರಿಗೆ ಕ್ರೈಸ್ತರು. ತನ್ನ ಕೂದಲಿನ ಶೆಡ್ಡಿನ ಪಕ್ಕದ ಕೋಣೆಯನ್ನೇ ಸಭೆಗೆ ಬಿಟ್ಟುಕೊಟ್ಟ. ಆಭರಣ ಲೋಕದ ಆಸೆ ಎಂದು ಅವ್ವನ ಕೈಯಿಂದ ಬಳೆ ತೆಗೆಸಿದ. ಅಪ್ಪ ಸತ್ತಾಗ ಓಣಿಯ ಹೆಂಗಸರೂ ತೆಗೆಸದ ಬಳೆಯನ್ನು ಮಗ ತೆಗೆಸಿದ.

ಆಮೇಲೆ ಅವ್ವನ ಸೊಂಟದ ಎಲುಬಿಗೆ ರೋಗ ಇಳಿಯಿತು. ವಾಸಿಯಾಗುವುದಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದು ದವಾಖಾನೆಯವರು ಗುಳಿಗೆ ಕೊಟ್ಟು ಕಳಿಸಿದರು. ನಾನು ಕುಷ್ಟಗಿಯಲ್ಲಿ ಟೀಚರು. ರಜೆ ಹಾಕಿ ಬಂದು ಅವಳ ಮಂಚದ ಬದಿಗೆ ಕೂತೆ. ಗುಳಿಗೆಯ ಅಮಲು ಇಳಿದ ಕೂಡಲೇ ನೋವು ಏರುತ್ತಿತ್ತು. ಏರಿದಾಗ ಅವಳು ಕೂಗುತ್ತಿದ್ದಳು. ಏನೆಂದು ಕೂಗುತ್ತಿದ್ದಳು ಎಂಬುದರ ಕಡೆ ನನ್ನ ಲಕ್ಷ್ಯವೇ ಹೋಗಿರಲಿಲ್ಲ.

ಲಕ್ಷ್ಯ ಕೊಟ್ಟವರು ಅಣ್ಣನ ಸಭೆಯವರು. ಒಂದು ಮಧ್ಯಾಹ್ನ ಪ್ರಾರ್ಥನೆಗೆ ಬಂದು ಮಂಚದ ಸುತ್ತ ನಿಂತರು. ಅವರ ಮುಖಂಡ ಅವ್ವನ ತಲೆಯ ಮೇಲೆ ಕೈಯಿಟ್ಟು ಏರುದನಿಯಲ್ಲಿ ಪ್ರಾರ್ಥಿಸುತ್ತಿದ್ದ. ಉಳಿದವರು "ಸ್ತೋತ್ರ, ಸ್ತೋತ್ರ" ಎನ್ನುತ್ತಿದ್ದರು. ಅವರಲ್ಲಿ ಯಾರದೋ ಮೊಣಕಾಲು ಮಂಚಕ್ಕೆ ತಾಗಿತು. ಅವ್ವ ಚೀರಿದಳು, "ಯವ್ವಾ ಹುಲಿಗೆವ್ವ, ಸತ್ತೆನs ಯವ್ವಾ!"

ಪ್ರಾರ್ಥನೆ ನಿಂತುಹೋಯಿತು. ಆ ಮನುಷ್ಯ ಸುಟ್ಟವನಂತೆ ಕೈ ತೆಗೆದು ಅಣ್ಣನಿಗೆ ಹೇಳಿದ: "ನಿಮ್ಮ ತಾಯಿಯವರ ಒಳಗ ಬ್ಯಾರೆ ಯಾರೋ ಅದಾರ್ರಿ, ಬ್ರದರ್. ಇದs ಹೆಸರು ಬಾಯಾಗ ಇಟಗೊಂಡು ಹೋದರ ಅವರಿಗೆ ಪರಲೋಕ ಇಲ್ಲ."

ಅಣ್ಣನ ಮುಖ ಬಿಳಿಚಿತು. ಅವನು ನಾಟಕ ಆಡುತ್ತಿರಲಿಲ್ಲ. ಅವ್ವ ನರಕಕ್ಕೆ ಬೀಳುತ್ತಾಳೆಂದು ನಿಜವಾಗಿಯೂ ಹೆದರಿದ್ದ. ಆ ಹೆದರಿಕೆಯೇ ಅವನನ್ನು ಕಟುಕನನ್ನಾಗಿ ಮಾಡಿತು. ಕಪಟಿಯಾಗಿದ್ದರೆ ಸಂಜೆಗೆ ಸುಸ್ತಾಗಿ ಎದ್ದು ಹೋಗುತ್ತಿದ್ದ.

ಮರುದಿನದಿಂದ ಶೆಡ್ಡಿನ ಕೆಲಸ ಬಿಟ್ಟು ಮಂಚದ ತಲೆದೆಸೆಗೆ ಕುರ್ಚಿ ಹಾಕಿಕೊಂಡು ಕೂತ. ಅವ್ವ ಕೂಗಿದ ತಕ್ಷಣ ತಿದ್ದುತ್ತಿದ್ದ.

"ಹಂಗ ಅನ್ನಬ್ಯಾಡಬೇ. ಯೇಸಪ್ಪಾ ಅನ್ನು."

"ನಾ ಎಲ್ಲಿ ಅಂದೆನೋ ಯಪ್ಪಾ? ಅದು ತಾನs ಬಂತು."

"ಮನಸಿನ್ಯಾಗ ಇದ್ದದ್ದs ಬಾಯಿಗೆ ಬರ್ತೈತಿ. ಅನ್ನು, ಯೇಸಪ್ಪಾ."

"ಯೇಸಪ್ಪಾ..." ಎನ್ನುವಳು. ಅಷ್ಟರಲ್ಲಿ ಸೊಂಟ ಹಿಡಿದು ಜಗ್ಗಿದಂತಾಗಿ ಮತ್ತೆ ಅದೇ ಕೂಗು ಬರುತ್ತಿತ್ತು. ಒಮ್ಮೆ ನಾನು ಅಡುಗೆಮನೆಯಿಂದ ಬಂದು ನೋಡಿದರೆ ಇವನು ನೀರಿನ ಲೋಟವನ್ನು ಅವಳ ಕೈಗೆ ಎಟುಕದಷ್ಟು ದೂರ ಹಿಡಿದಿದ್ದ. "ಮೊದಲು ಯೇಸಪ್ಪನ ಹೆಸರು ಸರಿಯಾಗಿ ಹೇಳು, ಆಮ್ಯಾಲೆ ಕುಡಿ." ಅವ್ವನ ತುಟಿಗಳು ಒಡೆದಿದ್ದವು.

ಲೋಟ ಕಸಿದುಕೊಂಡು ನೀರು ಕುಡಿಸಿದೆ. ನನ್ನ ನಾಲಿಗೆಗೆ ಮೊದಲೇ ಎಲುಬಿಲ್ಲ.

"ಹುಲಿಗೆವ್ವ ಅಂದರ ಅವ್ವಗ ನರಕ. ಗುಡಿಯಾಗ ದೇವರಿಗೆ ಕೊಟ್ಟ ಮುಡಿ ಮಾರಿ ಮನಿ ಕಟ್ಟಿಸಿಯಲ್ಲ, ನಿನಗ ಯಾವ ಲೋಕನೋ ಅಣ್ಣಾ?"

"ಅದು ದಂಧೆ. ಇದು ಆತ್ಮದ ಮಾತು. ನಿನಗ ತಿಳಿಯಂಗಿಲ್ಲ, ಸುಮ್ಮನಿರು."

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಆದರೆ ಬದನೆಕಾಯಿ ತಿನ್ನುವವನಿಗೆ ತಾನು ತಿನ್ನುವುದು ಗೊತ್ತಿರುತ್ತದೆ. ಇವನಿಗೆ ಅದೂ ಗೊತ್ತಿರಲಿಲ್ಲ.

ಅವ್ವನಿಗೆ ಉಳಿದಿದ್ದ ಆಸೆ ಒಂದೇ. ಒಂದು ಮುಂಜಾನೆ ನನ್ನ ಕೈ ಹಿಡಿದು ಕೇಳಿದಳು: "ನಮ್ಮ ಅಯ್ಯನವರನ್ನ ಕರಸವಾ. ಕರ್ತನ ಭೋಜನ ತಗೊಂಡು ಹೋಗಿಬಿಡ್ತೀನಿ." ಚರ್ಚಿನಲ್ಲಿ ರೊಟ್ಟಿಯ ಚೂರು, ದ್ರಾಕ್ಷಿರಸದ ಗುಟುಕು ತೆಗೆದುಕೊಂಡ ದಿನ ಅವಳು ಮಧ್ಯಾಹ್ನದವರೆಗೆ ಬೇರೇನೂ ಬಾಯಿಗೆ ಹಾಕುತ್ತಿರಲಿಲ್ಲ. ನಾನು ಹಳೆಯ ಸಭೆಯ ಪಾದ್ರಿ ಅಯ್ಯನವರಿಗೆ ಫೋನ್ ಮಾಡಿದೆ. ಅವರು ಬೈಕಿನಲ್ಲಿ ಬಂದರು, ಹೆಗಲಿಗೆ ಚೀಲ.

ಅಣ್ಣ ಬಾಗಿಲಲ್ಲೇ ತಡೆದ. "ಆಕಿಗೆ ಇನ್ನೂ ರಕ್ಷಣಾ ಸಿಕ್ಕಿಲ್ಲ. ಅಯೋಗ್ಯರಿಗೆ ಭೋಜನ ಕೊಟ್ಟರ ಶಾಪ."

"ನಿಮ್ಮ ತಾಯಿಯವರು ನೀವು ಹುಟ್ಟೂಕಿಂತ ಮೊದಲs ದೀಕ್ಷಾಸ್ನಾನ ಆದವರು."

"ಹಣಿಮ್ಯಾಲೆ ನಾಕು ಹನಿ ಹಾಕಿದ್ದು ಸ್ನಾನ ಏನ್ರಿ?"

ಅಲ್ಲಿಗೆ ಅಯ್ಯನವರಿಗೂ ರೋಷ ಬಂತು. ಹನಿ ನೀರು ಸಾಕೋ, ಮುಳುಗಲೇಬೇಕೋ. ಕೂಸಿಗೆ ಕೊಟ್ಟದ್ದು ನಡೆಯುತ್ತದೋ, ಇಲ್ಲವೋ. ಯಾರ ಸಭೆ ಹಳೆಯದು, ಯಾರ ಸಭೆ ಖರೇ. ಒಬ್ಬರು ಹೊಸ್ತಿಲ ಒಳಗೆ, ಒಬ್ಬರು ಹೊರಗೆ. ಓಣಿಯ ಜನ ಕಟ್ಟೆಗೆ ಬಂದು ನಿಂತರು. "ಅವ್ವ ಕಾಯಾಕತ್ತಾಳ್ರಿ" ಎಂದು ನಾನು ನಡುವೆ ನುಗ್ಗಿದೆ. ಇಬ್ಬರೂ ನನ್ನ ಕಡೆ ತಿರುಗಲಿಲ್ಲ. ಕೊನೆಗೆ ಅಯ್ಯನವರು, "ಇಂಥಾ ಮನಿಯಾಗ ಪವಿತ್ರ ಭೋಜನ ತರೂದs ತಪ್ಪು" ಎಂದು ಬೈಕು ಹತ್ತಿದರು. ಗಂಡ ಹೆಂಡತಿ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಬಡವಾದವಳು ಸಾಯುತ್ತಿದ್ದ ಮುದುಕಿ. ರೊಟ್ಟಿ, ರಸ ಎರಡೂ ಚೀಲದಲ್ಲೇ ವಾಪಸು ಹೋದವು.

ಮಂಚ ಬಾಗಿಲಿಗೆ ಹತ್ತಿರವೇ ಇತ್ತು. ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ಹೋದಾಗ ಕೇಳಿದ್ದು ಇಷ್ಟೇ: "ನಾ ಒದರಿದ್ದಕ್ಕ ಹಿಂಗಾತೇನವಾ?"

ಅವತ್ತಿನಿಂದ ಅವಳು ಒದರಲಿಲ್ಲ. ನೋವು ಏರಿದಾಗ ಗೋಡೆಯ ಕಡೆ ಹೊರಳಿ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು. ಹುಲಿಗೆವ್ವ ಇಲ್ಲ, ಯೇಸಪ್ಪನೂ ಇಲ್ಲ, ಒಂದು ನರಳಾಟವೂ ಇಲ್ಲ. ಅಣ್ಣನ ಮುಖ ಅರಳಿತು. "ನೋಡಿದೇನು? ಸೈತಾನ ಬಿಟ್ಟುಹೋದ" ಎಂದು ನನಗೆ ಹೇಳಿ, ಮತ್ತೆ ಶೆಡ್ಡಿಗೆ ಹೋಗತೊಡಗಿದ. ಭೋಜನ ಮಾತ್ರ ಅವನ ಸಭೆಯವರೂ ತರಲಿಲ್ಲ. ಇನ್ನೂ ಸ್ವಲ್ಪ ದಿನ ನೋಡೋಣ ಎಂದರಂತೆ.

ನೋಡುವಷ್ಟು ದಿನ ಅವಳು ಉಳಿಯಲಿಲ್ಲ. ಒಂದು ಸಂಜೆ ಗೋಡೆಗೆ ಮುಖ ಮಾಡಿಕೊಂಡೇ ಹೋದಳು. ಮೈ ತೊಳೆಯಲು ಸೀರೆ ಬಿಚ್ಚುವಾಗ ಸೆರಗು ಅವಳ ಹಲ್ಲಿಗೆ ಸಿಕ್ಕಿಕೊಂಡಿತ್ತು. ಮೆಲ್ಲಗೆ ಬಿಡಿಸಿದೆ. ಅಂಚು ಪೂರ ತೂತು ತೂತಾಗಿತ್ತು, ಅಲ್ಲಲ್ಲಿ ರಕ್ತ ಒಣಗಿತ್ತು. ಒಸಡಿನಲ್ಲಿ ಸಿಕ್ಕಿದ್ದ ಸೀರೆಯ ಹಸಿರು ಎಳೆಗಳನ್ನು ಒಂದೊಂದಾಗಿ ತೆಗೆದೆ. ನಾನು ಅತ್ತೆ. ಅಳುವಾಗ ನನ್ನ ಬಾಯಿಗೆ ಅದೇ ಹೆಸರು ಬಂತು, ಬೇಕೆಂದೇ ಜೋರಾಗಿ ಅಂದೆ.

ಮುಂದಿನ ಭಾನುವಾರ ಅಣ್ಣನ ಸಭೆಯಲ್ಲಿ ಅವ್ವನ ಸ್ಮರಣೆ. ಪಕ್ಕದ ಶೆಡ್ಡಿನಿಂದ ತೊಳೆದ ಕೂದಲಿನ ಹಸಿ ವಾಸನೆ ಬರುತ್ತಿತ್ತು. ಅಣ್ಣ ಎದ್ದು ನಿಂತು ಸಾಕ್ಷಿ ಹೇಳಿದ: "ನಮ್ಮವ್ವ ಕಡೀಕ ಒಂದು ಚೂರೂ ಒದರಲಿಲ್ಲ. ಎಷ್ಟು ಸಮಾಧಾನದಿಂದ ಹೋದಳಂದ್ರ, ಖರೇ ಕ್ರೈಸ್ತರು ಹೋಗೂದs ಹಂಗ." ಎಲ್ಲರೂ "ಸ್ತೋತ್ರ" ಎಂದರು.

ನಾನು ಕತ್ತರಿಸಿ ಇಟ್ಟುಕೊಂಡಿದ್ದ ಸೆರಗನ್ನು ಚೀಲದಿಂದ ತೆಗೆದು, ನಡೆದುಹೋಗಿ ಅವನ ಕೈಗೆ ಕೊಟ್ಟೆ.

ಅವನು ತಿರುವಿ ನೋಡಿದ. "ಏನಿದು? ಇಲಿ ಕಡದಾವೇನು?"

"ಇಲ್ಲ" ಅಂದೆ. "ನಿನ್ನ ಖರೇ ಕ್ರೈಸ್ತಳು ಕಡದಾಳ."

ಅವನು ಆ ತೂತುಗಳ ಮೇಲೆ ಬೆರಳಾಡಿಸಿದ. ಬೆರಳು ನಿಂತಿತು. "ಯವ್ವಾ..." ಎಂದು ಬಾಯಿ ತೆರೆಯಿತು. ಮುಂದಿನ ಹೆಸರು ನಾಲಿಗೆಯವರೆಗೆ ಬಂದದ್ದು ನನಗೆ ಕಂಡಿತು. ಅವನು ಸುತ್ತ ಕೂತ ಜನರ ಕಡೆ ಒಮ್ಮೆ ನೋಡಿದ. ನೋಡಿ, ಆ ಸೆರಗನ್ನೇ ಬಾಯಿಗೆ ಒತ್ತಿಕೊಂಡ.